ಶರೀಫಾ ಟೀಚರ್ ಬೆಳೆದ ಸಾಸಿವೆ

ಶರೀಫಾ ಟೀಚರ್ ಬೆಳೆದಂಥ ಹಸಿರು ಸಾಸಿವೆಯನ್ನು ಶಹಾಬಾದಿನಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ಅದರ ಒಂದು ಎಲೆಯನ್ನೂ ಅವರು ಯಾರ ಬಾಯಿಗೂ ಹೋಗಗೊಡಲಿಲ್ಲ. ಆಡು ಬಂದರೆ ಕೋಲು, ಮನುಷ್ಯರು ಬಂದರೆ ಬೈಗುಳ.

ನಾವಿಬ್ಬರೂ ಒಂದೇ ಶಾಲೆಯಲ್ಲಿದ್ದೆವು. ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಗಣಿತ. ಶಾಲೆಯ ಹಿಂದಿನ ಬಯಲಿನಲ್ಲಿ ಹಿಂದೆ ಯಾರೋ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರಂತೆ. ಅವರು ಹೋದರು, ಸೀಸ ಮಣ್ಣಿನಲ್ಲಿ ಉಳಿಯಿತು. ಮಕ್ಕಳು ಅಲ್ಲೇ ಕಬಡ್ಡಿ ಆಡುತ್ತಿದ್ದರು. ಟೀಚರ್ ಮಣ್ಣು ಪರೀಕ್ಷೆ ಮಾಡಿಸಿದರು. ವರದಿ ಬಂದ ವಾರದಲ್ಲೇ ಸುತ್ತ ಹಾಸುಗಲ್ಲಿನ ಬೇಲಿ ನಿಲ್ಲಿಸಿ, ಒಳಗೆ ಸಾಸಿವೆ ಬಿತ್ತಿದರು.

"ಸೀಸ ಹೀರಿದ್ರ ಗಿಡ ಸಾಯಂಗಿಲ್ಲೇನ್ರಿ?" ಎಂದು ಕೇಳಿದ್ದೆ.

"ಗಿಡಕ್ಕೂ ಅದು ಬ್ಯಾಡಾಗಿರ್ತದರಿ ಸರ. ಕಟ್ಟಿ ಒಂದು ಮೂಲ್ಯಾಗ ಇಡ್ತದ. ನಾವು ಬ್ಯಾಡಾದ ಸಾಮಾನ ಅಟ್ಟದ ಮ್ಯಾಲ ಇಡಂಗಿಲ್ಲೇನು, ಹಂಗ. ಬೇರು ಸಮೇತ ಕಿತ್ತು ತಗದ್ರ ಒಂದೀಟು ಸೀಸ ಹೋತು. ಮತ್ತ ಬಿತ್ತಬೇಕು, ಮತ್ತ ಕೀಳಬೇಕು. ಭಾಳ ವರ್ಷ ಹಿಡಿತದ. ಹುಡುಗರಿಗೆ ಈ ಬಯಲು ತಿರುಗಿ ಕೊಡಬೇಕಲ್ರಿ."

ಒಂದು ದಿನ ಬಿಸಿಯೂಟದ ಶಾಂತಕ್ಕ ಆ ಸೊಪ್ಪು ಕಿತ್ತು ಬೇಳೆಗೆ ಹಾಕಿಬಿಟ್ಟರು. "ಎಳೀ ಸೊಪ್ಪು ಸುಮ್ಮ ಒಣಗಿ ಹೋಗ್ತದಂತ ಹಾಕೀನ್ರಿ" ಎಂದರು ಪಾಪ. ಟೀಚರ್ ಇಡೀ ಪಾತೇಲಿಯನ್ನು ಎಳೆದುಕೊಂಡು ಹೋಗಿ ಬೇಲಿಯೊಳಗೆ ಸುರಿದರು. ಅಂದು ಮಕ್ಕಳು ಬರೀ ಅನ್ನ ತಿಂದರು. ತಂದೆತಾಯಿಗಳು ಜಗಳಕ್ಕೆ ಬಂದಾಗ ಟೀಚರ್ ವರದಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಕಿತ್ತ ಗಿಡಗಳನ್ನು ಒಣಗಿಸಿ ಚೀಲಕ್ಕೆ ತುಂಬಿ, ಹಿಂದಿನ ಕೋಣೆಯಲ್ಲಿ ಪೇರಿಸಿದರು. ಚೀಲ ಒಯ್ಯಿರಿ ಎಂದು ಕಚೇರಿ ಕಚೇರಿ ಅಲೆದರು. "ಕಚರಾ ಗಾಡ್ಯಾಗ ಹಾಕ್ರಿ, ಸುಟ್ಟುಬಿಡ್ತಾರ" ಎಂದವರೇ ಎಲ್ಲ. "ಸುಟ್ರ ಹೊಗಿ ಯಾರ ಮೂಗಿಗೆ ಹೋಗ್ತದರಿ?" ಎಂದರೆ ಇನ್ನೊಂದು ಕಚೇರಿಗೆ ಕಳಿಸುತ್ತಿದ್ದರು. ನಿವೃತ್ತರಾದ ದಿನ ಕೋಣೆಯ ಕೀಲಿ ನನ್ನ ಕೈಗಿಟ್ಟರು. "ಸರ, ನೀವು ಲೆಕ್ಕದ ಮನುಷ್ಯಾರು. ಮರೀಬ್ಯಾಡ್ರಿ."

ನಾನು ಮರೆತೆ. ಪರಿಸರ ದಿನದ ಹಿಂದಿನ ದಿನ ಉತ್ತರಪತ್ರಿಕೆ ತಿದ್ದುತ್ತಿದ್ದಾಗ, ಸಸಿ ನೆಡಲು ಸಲಿಕೆ ಬೇಕೆಂದು ಯಾರೋ ಆ ಕೋಣೆಯ ಕೀಲಿ ಕೇಳಿದರು. ತಲೆ ಎತ್ತದೆ ಕೊಟ್ಟೆ. ಮರುದಿನ ಬರುವಷ್ಟರಲ್ಲಿ ಚೀಲಗಳೆಲ್ಲ ಖಾಲಿ. ಒಳ್ಳೆ ಒಣಗೊಬ್ಬರ ಎಂದು ಅದೇ ಬಯಲಿಗೆ ಹರಡಿ, ಮೇಲೆ ಬೇವಿನ ಸಸಿ ನೆಟ್ಟಿದ್ದರು. ಆರು ವರ್ಷದ ದುಡಿಮೆ. ನೆನೆದರೆ ಈಗಲೂ ಮೈ ಉರಿಯುತ್ತದೆ, ಹೆಚ್ಚಾಗಿ ನನ್ನ ಮೇಲೆ.

ಟೀಚರಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಮಳೆಗಾಲದಲ್ಲಿ ಅವರೇ ಬಂದಾಗ ಎಲ್ಲವನ್ನೂ ಹೇಳಿ ಬೈಗುಳಕ್ಕೆ ಕಾದೆ. ಒಂದು ಎಲೆಗೆ ಊರನ್ನೆಲ್ಲ ಬೈದವರು ನನಗೆ ಒಂದು ಮಾತೂ ಅನ್ನಲಿಲ್ಲ. ಕೈಗವಸಿಲ್ಲದೆ ಎಂದೂ ಆ ಮಣ್ಣು ಮುಟ್ಟದ ಟೀಚರ್ ಬಯಲಿಗೆ ಹೋಗಿ, ಬರಿಗೈಯಲ್ಲೇ ಕುಕ್ಕರಗಾಲಲ್ಲಿ ಕೂತು ಸಾಸಿವೆಯ ಕಡ್ಡಿಗಳನ್ನು ಹೆಕ್ಕತೊಡಗಿದರು. ಮಳೆಗೆ ನೆನೆದ ಕಡ್ಡಿಗಳು ಬೆರಳಲ್ಲೇ ಪುಡಿಯಾದವು.

"ಎಷ್ಟು ಚೀಲರಿ?"

"ಎಲ್ಲಾ, ಟೀಚರ್."

ಕೈ ತೊಳೆದುಕೊಂಡು ಬಸ್ಸಿಗೆ ಹೋದರು. ಅದೇ ಕೊನೆ. ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಈ ಸಲ ನಾನೇ ಸಾಸಿವೆ ಬಿತ್ತಿದ್ದೇನೆ. ಮತ್ತೆ ಮೊದಲನೆಯ ವರ್ಷ. ಕೋಣೆಯ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದೇನೆ; ಸಲಿಕೆ ಬೇಕಾದವರ ಜೊತೆ ನಾನೇ ಎದ್ದು ಹೋಗುತ್ತೇನೆ.