ಏಣಿಯ ಕೊನೆಯ ಮೊಳ

ಡಿಪ್ಲೊಮಾದ ಬೇರೆಲ್ಲ ವಿಷಯಗಳೂ ಹೇಗೋ ನನ್ನನ್ನು ದಾಟಿಸಿದವು. ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಮಾತ್ರ ಕಾಲು ಹಿಡಿದುಕೊಂಡು ಬಿಡಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಮೈಸೂರು ರಸ್ತೆಯ ಒಂದು ಕಾರ್ಖಾನೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದರು. ಈ ಸಲ ಗಣಿತ ಪಾಸಾದರೆ ಬಾ, ಇಲ್ಲದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ನಮ್ಮಪ್ಪ ಆಗಲೇ ಇಟ್ಟಮಡುವಿನಲ್ಲಿ ಕಂಡಕಂಡವರಿಗೆಲ್ಲ 'ನಮ್ಮುಡ್ಗ ಫ್ಯಾಕ್ಟ್ರಿ ಸೇರ್ಕೊಂಡ' ಎಂದು ಸಾರಿಕೊಂಡು ಬಂದಿದ್ದರು. ಅವರ ಪಾಲಿಗೆ ಗಣಿತವೆಂಬುದು ಅರ್ಜಿಗೆ ಫೋಟೋ ತೆಗೆಸಿ ಕೊಡುವಂಥ ಒಂದು ಸಣ್ಣ ಶಾಸ್ತ್ರ.

ಹೀಗಾಗಿ ತ್ಯಾಗರಾಜನಗರದ ಮೇಷ್ಟ್ರ ಮನೆಗೆ ಟ್ಯೂಷನ್ನಿಗೆ ಸೇರಿದೆ. ಅವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹಜಾರದ ಒಂದು ಮೂಲೆಯಲ್ಲಿ ಅವರು ನಮ್ಮಂಥ ಫೇಲಾದವರಿಗೆ ಡಿಫರೆನ್ಷಿಯೇಷನ್ ಹೇಳಿಕೊಡುತ್ತಿದ್ದರೆ, ಇನ್ನೊಂದು ಮೂಲೆಯಲ್ಲಿ ಅವರ ಹೆಂಡತಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಡಿವೈ ಬೈ ಡಿಎಕ್ಸ್ ಎಂದರೆ ಇವತ್ತಿಗೂ ನನಗೆ ಸರಳೆ ವರಸೆ ಕೇಳಿಸುತ್ತದೆ.

ಒಂದು ದಿನ ಏಣಿಯ ಲೆಕ್ಕ ಬಂತು. ಗೋಡೆಗೆ ಒರಗಿಸಿದ ಹನ್ನೆರಡು ಅಡಿಯ ಏಣಿ. ಅದರ ಬುಡವನ್ನು ಸೆಕೆಂಡಿಗೆ ಒಂದಡಿಯಂತೆ ಆಚೆಗೆ ಎಳೆಯುತ್ತಾರೆ. ಮೇಲ್ತುದಿ ಎಷ್ಟು ವೇಗದಲ್ಲಿ ಜಾರುತ್ತದೆ? ಯಾರು ಎಳೆಯುತ್ತಾರೆ, ಅವರಿಗೆ ಮಾಡಲು ಬೇರೆ ಕಸುಬಿಲ್ಲವೇ ಎಂದು ಪುಸ್ತಕ ಹೇಳುವುದಿಲ್ಲ. ಮೇಷ್ಟ್ರು ಸೂತ್ರ ಬರೆದರು. ತುದಿ ಇಳಿದಷ್ಟೂ ವೇಗ ಹೆಚ್ಚುತ್ತದೆ, ನೆಲ ಮುಟ್ಟುವ ಕ್ಷಣದಲ್ಲಿ ವೇಗ ಅನಂತ ಎಂದರು.

"ಅನಂತ ಅಂದ್ರೆ ರೈಲಿಗಿಂತ ಜಾಸ್ತಿನಾ ಸಾರ್?" ಎಂದೆ.

"ಬೆಳಕಿಗಿಂತ ಜಾಸ್ತಿ ಕಣಯ್ಯ."

"ನಿಮ್ಮನೆ ಹಿತ್ಲಲ್ಲಿರೋ ಏಣಿನೂನಾ?"

ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ನನ್ನ ಅನ್ನಕ್ಕೆ ಅಡ್ಡ ನಿಂತ ಏಣಿ ಬೆಳಕನ್ನೂ ಹಿಂದೆ ಹಾಕುತ್ತದೆ ಎಂದರೆ ಯಾರಿಗೆ ತಾನೆ ಬರುವುದಿಲ್ಲ? ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಈ ಲೆಕ್ಕವನ್ನು ಅವರು ವರ್ಷಗಟ್ಟಲೆ ಮಾಡಿಸಿದ್ದರು, ಏಣಿಯನ್ನು ಒಂದು ಮಾತು ಕೇಳಿರಲಿಲ್ಲ. "ಅಪ್ಲೈಡ್ ಅಂತ ತಾನೇ ಹೆಸರು? ಭಾನುವಾರ ಬನ್ನಿ, ಅಪ್ಲೈ ಮಾಡೋಣ" ಎಂದರು.

ಮನೆಯ ಪಕ್ಕದ ಗೋಡೆಗೆ ಹಬ್ಬಕ್ಕೆಂದು ಆಗಷ್ಟೇ ಸುಣ್ಣ ಬಳಿಸಿದ್ದರು. ಜಾರಿದ ಗುರುತು ಬೀಳಲಿ ಎಂದು ಮೇಷ್ಟ್ರು ಏಣಿಯ ತುದಿಗೆ ಕೆಮ್ಮಣ್ಣು ಕಲಸಿ ಮೆತ್ತಿದರು. "ರೀ, ನನ್ನ ಗೋಡೆ!" ಎಂದು ಅವರ ಹೆಂಡತಿ, ನಮಗೆಲ್ಲ ಅಮ್ಮ, ಕೂಗಿಕೊಂಡರು. ಬುಡಕ್ಕೆ ಹಗ್ಗ ಕಟ್ಟಿ ನನ್ನ ಇಬ್ಬರು ಸಹಪಾಠಿಗಳು ನಿಂತರು. ಆದರೆ ಒಂದೇ ವೇಗದಲ್ಲಿ ಎಳೆಯುವುದು ಅವರ ಕೈಲಾಗಲಿಲ್ಲ. ಒಬ್ಬನಿಗೆ ಅವಸರ, ಇನ್ನೊಬ್ಬನಿಗೆ ನಿದ್ದೆ. ಗೋಡೆಯ ದುಃಖದಲ್ಲಿದ್ದ ಅಮ್ಮನಿಗೆ ಅದನ್ನು ನೋಡಲಾಗಲಿಲ್ಲ. "ಅಯ್ಯೋ, ಕಾಲಪ್ರಮಾಣಾನೇ ಇಲ್ವಲ್ರೋ ನಿಮಗೆ" ಎಂದು ಮೆಟ್ಟಿಲ ಮೇಲೆ ಕೂತು ಆದಿತಾಳ ಹಾಕತೊಡಗಿದರು. ತಾಳದ ಒಂದು ಪೆಟ್ಟಿಗೆ ಒಂದಡಿ ಎಂದು ನೆಲದ ಮೇಲೆ ರಂಗೋಲಿಯಲ್ಲಿ ಅಡಿಯಡಿಗೂ ಗೆರೆ ಎಳೆದುಕೊಟ್ಟವರೂ ಅವರೇ.

ತುದಿಯನ್ನು ಹತ್ತಿರದಿಂದ ನೋಡುವ ಕೆಲಸ ನನ್ನ ತಲೆಗೆ ಬಂತು. "ಅನುಮಾನ ನಿಂದು ತಾನೇ?" ಎಂದರು ಮೇಷ್ಟ್ರು. ಗೋಡೆಯ ಬುಡದಲ್ಲಿ, ಏಣಿಯ ದಾರಿಯಿಂದ ಸ್ವಲ್ಪ ಪಕ್ಕಕ್ಕೆ, ಕೆನ್ನೆ ನೆಲಕ್ಕೆ ತಾಗಿಸಿ ಮಲಗಿದೆ. ಅನಂತ ವೇಗ ಬರುವುದಿತ್ತಲ್ಲ, ಪಕ್ಕದ ಮನೆಯವರ ಸ್ಕೂಟರ್ ಹೆಲ್ಮೆಟ್ ತಂದು ಹಾಕಿದರು. ಹೆಲ್ಮೆಟ್ಟಿನ ಹಿಂದೆಯೇ ಅದರ ಯಜಮಾನರೂ ಕಾಂಪೌಂಡಿನ ಹತ್ತಿರ ಬಂದು, "ಏನ್ ಸಾರ್, ಕಳ್ಳತನದ ರಿಹರ್ಸಲ್ಲಾ?" ಎಂದು ವಿಚಾರಿಸಿದರು.

ತಾಳ ಶುರುವಾಯಿತು. ಏಣಿ ಗೋಡೆಯ ಮೇಲೆ ಕೆಂಪು ಗೆರೆ ಎಳೆಯುತ್ತ ಮೊದಲು ಸೋಮಾರಿಯಾಗಿ ಇಳಿಯಿತು, ಆಮೇಲೆ ಬೇಗ ಬೇಗ. ಕಣ್ಣು ಮುಚ್ಚಿಕೊಳ್ಳಬೇಕೆನ್ನಿಸಿತು, ಮುಚ್ಚಲಿಲ್ಲ. ತುದಿ ಗೋಡೆಯನ್ನು ಬಿಟ್ಟು ಬರೀ ಗಾಳಿಯಲ್ಲಿ ಬಂದು, ಎಲ್ಲ ಏಣಿಗಳೂ ಬೀಳುವ ಹಾಗೆ ದಢಾರನೆ ಬಿತ್ತು. ಕೆಂಪು ಗೆರೆ ನೆಲಕ್ಕಿಂತ ಒಂದು ಮೊಳ, ಅಂದರೆ ಒಂದೂವರೆ ಅಡಿ, ಮೇಲೆಯೇ ನಿಂತಿತ್ತು. ಮತ್ತೆ ಮತ್ತೆ ಎಳೆದೆವು. ಸುಮಾರು ಅಲ್ಲಲ್ಲೇ ನಿಂತಿತು.

ಮೇಷ್ಟ್ರು ಗೋಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕೊನೆಯ ಮೊಳದಲ್ಲಿ ಏಣಿಗೂ ಗೋಡೆಗೂ ಸಂಬಂಧವೇ ಇಲ್ಲ, ಅಲ್ಲಿ ಸೂತ್ರ ನಡೆಯುವುದಿಲ್ಲ. "ಇಷ್ಟು ವರ್ಷ ಸುಳ್ಳು ಹೇಳ್ಕೊಟ್ನಲ್ಲಯ್ಯ" ಎಂದರು. ನನಗೆ ಪಾಪ ಅನ್ನಿಸಿತು. ಹೊರಡುವಾಗ ಗೇಟಿನವರೆಗೂ ಬಂದು, "ಪರೀಕ್ಷೆಲಿ ಮಾತ್ರ ಪುಸ್ತಕದಲ್ಲಿರೋದನ್ನೇ ಬರಿ. ನಿನಗೆ ಕೆಲಸ ಮುಖ್ಯ" ಎಂದರು.

ಪರೀಕ್ಷೆಯಲ್ಲಿ ಏಣಿಯೇ ಬಂತು. ಮೇಲ್ತುದಿ ನೆಲದಿಂದ ಒಂದಡಿ ಎತ್ತರದಲ್ಲಿರುವಾಗ ಅದರ ವೇಗವೆಷ್ಟು? ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಉಳಿದ ಲೆಕ್ಕಗಳನ್ನು ಮಾಡಿದ್ದ ಚೆಂದ ನೋಡಿದರೆ ಈ ಒಂದರಲ್ಲೇ ನನ್ನ ಪಾಸು, ನನ್ನ ಕಾರ್ಖಾನೆ, ನಮ್ಮಪ್ಪನ ಮರ್ಯಾದೆ ಎಲ್ಲ ಇತ್ತು. ಬರೆಯಲು ಹೋದೆ, ಕೈ ಓಡಲಿಲ್ಲ. ಒಂದಡಿ ಎತ್ತರದಲ್ಲಿ ಆ ತುದಿ ಗೋಡೆಯ ಮೇಲೆ ಇರಲಿಲ್ಲ, ನನ್ನ ಕಣ್ಣೆದುರು ಗಾಳಿಯಲ್ಲಿತ್ತು. ಕಂಡಿದ್ದನ್ನು ಕಂಡಿಲ್ಲ ಅನ್ನುವುದು ಹೇಗೆ? ಅಷ್ಟು ಹೊತ್ತಿಗೆ ಏಣಿ ಗೋಡೆ ಬಿಟ್ಟಿರುತ್ತದೆ, ಆದ್ದರಿಂದ ಪ್ರಶ್ನೆಯೇ ತಪ್ಪು ಎಂದು ಬರೆದು ಚಿತ್ರವನ್ನೂ ಬಿಡಿಸಿದೆ. ಬೇಕಾದರೆ ಎಳೆದು ನೋಡಿ ಅಂತಲೂ ಸೇರಿಸಿದೆ.

ಫೇಲಾದೆ. ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ಹಗ್ಗ ಎಳೆದಿದ್ದವರಲ್ಲಿ ಒಬ್ಬ ಪುಸ್ತಕದಲ್ಲಿದ್ದದ್ದನ್ನೇ ಬರೆದು ಪಾಸಾಗಿ, ಅದೇ ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಸೇರಿಕೊಂಡ. ಅದನ್ನು ಕೇಳಿದ ದಿನ ಮೈಯೆಲ್ಲ ಉರಿದು, ಎಲ್ಲ ನಿಮ್ಮಿಂದಲೇ ಆದದ್ದು ಎಂದು ಜಗಳವಾಡಲು ಸೈಕಲ್ ತುಳಿದುಕೊಂಡು ಮೇಷ್ಟ್ರ ಮನೆಗೆ ಹೋದೆ.

"ಏಣಿಗೆ ಏನು ಬರೆದೆ?" ಎಂದರು. ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಮೊಮ್ಮಗ ಹುಟ್ಟಿದ ಸುದ್ದಿ ಬಂದವರ ಹಾಗೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಕೇಳಿದ್ಯೇನೇ? ಇವನು ಫೇಲಾದ ಕಣೇ! ಕೇಸರಿಬಾತ್ ಮಾಡು!"

ಜಗಳಕ್ಕೆ ಬಂದವನು ತಟ್ಟೆ ಹಿಡಿದು ಕೂತೆ. ಅಮ್ಮ ತುಪ್ಪಕ್ಕೆ ಕೈ ಹಿಡಿದಿರಲಿಲ್ಲ. ಗಣಿತದಲ್ಲಿ ನನ್ನನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು. ಕೆಲಸ ಹೋದದ್ದಕ್ಕೆ ಅಳಬೇಕೋ ಇದಕ್ಕೆ ಅಳಬೇಕೋ ತಿಳಿಯದೆ, ಎರಡಕ್ಕೂ ಸೇರಿಸಿ ಅಲ್ಲೇ ಅತ್ತುಬಿಟ್ಟೆ.