ಒರಿಜಿನಲ್ ಡಬ್ಬದೊಳಗಿನ ಬೆಲ್ಟು

ಕೋವಿಡ್ ಗಲಾಟೆ ಅಡಗಿದ ಮರುವರ್ಷದ ಮಾತು. ಕಾರು ಕಂಪನಿಯೊಂದರ ಸರ್ವಿಸ್ ಸೆಂಟರಿನಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ಆ ಕೆಲಸ ಬಿಟ್ಟು ಕೆಸರೆಯಲ್ಲಿ ಸ್ವಂತ ಗ್ಯಾರೇಜು ನಡೆಸುತ್ತಿದ್ದೆ. ಎಂಜಿನ್ ಕೆಲಸಕ್ಕೆ ರಫೀಕ್ ಎಂಬ ನಿಪುಣ ಮೆಕ್ಯಾನಿಕ್ ಜೊತೆಗಿದ್ದ.

ಒಂದು ಸಂಜೆ ಟ್ಯಾಕ್ಸಿ ಓಡಿಸುವ ಸಿದ್ದರಾಜು ತನ್ನ ಹಳೆಯ ಡೀಸೆಲ್ ಕಾರನ್ನು ತಂದು ನಿಲ್ಲಿಸಿದ. ಅದರ ಟೈಮಿಂಗ್ ಬೆಲ್ಟಿನ ಆಯುಸ್ಸು ಮುಗಿದಿತ್ತು. ಎಂಜಿನ್ನಿನ ಕೆಳಗಿನ ಶಾಫ್ಟನ್ನೂ ಮೇಲಿನ ವಾಲ್ವುಗಳನ್ನೂ ಒಂದೇ ತಾಳದಲ್ಲಿ ಆಡಿಸುವ ಹಲ್ಲುಹಲ್ಲಿನ ರಬ್ಬರ್ ಪಟ್ಟಿ ಅದು. ಓಡುವಾಗ ಹರಿದರೆ ಪಿಸ್ಟನ್ನು ವಾಲ್ವಿಗೆ ಹೊಡೆದು ಎಂಜಿನ್ ಅಲ್ಲೇ ನಿಲ್ಲುತ್ತದೆ. ಘಾಟಿಯಲ್ಲಾದರೆ ಸ್ಟೀರಿಂಗೂ ಬ್ರೇಕೂ ಕಲ್ಲಿನಂತೆ ಬಿಗಿಯುತ್ತವೆ. ಸಿದ್ದರಾಜು ಹೊರಟಿದ್ದದ್ದು ಘಾಟಿಗೇ. ತಂಗಿಯ ಮಗುವಿನ ಮುಡಿ ಕೊಡಿಸಲು ಮನೆಮಂದಿಯನ್ನೆಲ್ಲ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯಬೇಕಿತ್ತು.

ಕಂಪನಿಯ ಒರಿಜಿನಲ್ ಬೆಲ್ಟು ಆ ವಾರ ಊರಲ್ಲೆಲ್ಲೂ ಇರಲಿಲ್ಲ. ಆಫ್ಟರ್‌ಮಾರ್ಕೆಟ್ ಬೆಲ್ಟು, ಅಂದರೆ ಬೇರೆ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವಂಥದ್ದು, ನನ್ನಲ್ಲಿತ್ತು. ಒಳ್ಳೆಯ ತಯಾರಕರದ್ದೇ. ಆದರೆ ನಮ್ಮ ಗಿರಾಕಿಗಳಿಗೆ ಒರಿಜಿನಲ್ ಅಲ್ಲದ್ದೆಲ್ಲ ಡೂಪ್ಲಿಕೇಟೇ.

“ಡೂಪ್ಲಿಕೇಟ್ ಬ್ಯಾಡ ಸಾರ್. ನನ್ ತಾವ ಒರಿಜಿನಲ್ಲೇ ಅದೆ,” ಎಂದು ಸಿದ್ದರಾಜು ಡಿಕ್ಕಿಯಿಂದ ಕಂಪನಿಯ ಡಬ್ಬ ತೆಗೆದುಕೊಟ್ಟ. ಕಾರನ್ನು ಅವನಿಗೆ ಮಾರಿದ್ದು ಲಕ್ಷ್ಮೀಪುರಂನ ನಿವೃತ್ತ ಶಿಕ್ಷಕಿ ಕಮಲಮ್ಮ. ಮೊದಲು ಅವನು ಅವರಲ್ಲೇ ಡ್ರೈವರಾಗಿದ್ದ. ಡಿಕ್ಕಿಯಲ್ಲಿ ಬೆಲ್ಟಿದೆ ಎಂದು ಹೇಳಿದ್ದವರೂ ಅವರೇ. ಕಾರನ್ನೂ ಡಬ್ಬವನ್ನೂ ನಮ್ಮಲ್ಲೇ ಬಿಟ್ಟು ಅವನು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಡಬ್ಬ ಬಿಚ್ಚಿದ ರಫೀಕ್ ನನ್ನನ್ನು ಕರೆದ. ಬೆಲ್ಟು ಮೇಲ್ನೋಟಕ್ಕೆ ಫಳಫಳ ಎನ್ನುತ್ತಿತ್ತು. ಆದರೆ ಹಲ್ಲಿನ ಮೇಲಿನ ಬಟ್ಟೆ ಸವೆದು ನುಣುಪಾಗಿತ್ತು. ಹಿಮ್ಮುಖವಾಗಿ ಮಡಿಸಿದರೆ ಸಣ್ಣ ಬಿರುಕುಗಳು. ಒಂದು ಸಂದಿನಲ್ಲಿ ಬಿಳಿ ಪೇಂಟಿನ ಚುಕ್ಕೆ ಉಳಿದಿತ್ತು. ಹಳೆಯ ಬೆಲ್ಟು ಬಿಚ್ಚುವ ಮುನ್ನ ಮೆಕ್ಯಾನಿಕ್ಕುಗಳು ಇಡುವ ಗುರುತು ಅದು. ಈ ಬೆಲ್ಟು ಆಗಲೇ ಒಂದು ಆಯುಸ್ಸು ದುಡಿದಿತ್ತು.

ಸಿದ್ದರಾಜುವನ್ನು ಕರೆಸಿ ತೋರಿಸಿದೆ. ಅವನ ಮುಖ ಕೆಂಪೇರಿತು.

“ರಾತ್ರಿಯೆಲ್ಲಾ ಡಬ್ಬ ನಿಮ್ ತಾವೇ ಇತ್ತಲ್ಲ? ನನ್ ಒರಿಜಿನಲ್ ಎತ್ತಿಟ್ಕಂಡು ಯಾವುದೋ ಹಳೇದ ತುರುಕ್ಬುಟ್ಟು, ಈಗ ಡೂಪ್ಲಿಕೇಟ್ ಹಾಕ್ತೀರಾ?”

ಜೀವಮಾನವಿಡೀ ಮರ್ಯಾದೆಯಿಂದ ಮಾಡಿದ ಕೆಲಸ; ಕಳ್ಳ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಆದರೆ ಕದ್ದಿಲ್ಲ ಎಂದು ತೋರಿಸಲು ನನ್ನಲ್ಲೇನೂ ಇರಲಿಲ್ಲ. ಅವನು ಡಬ್ಬ ಕಿತ್ತುಕೊಂಡು ಕಾರು ಹೊರಡಿಸಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ರಫೀಕ್ ಸುದ್ದಿ ತಂದ: ಬೇರೊಂದು ಗ್ಯಾರೇಜಿನವರು ಡಬ್ಬದ ಮೇಲಿನ ಹೆಸರು ನೋಡಿ ಅದೇ ಬೆಲ್ಟನ್ನು ಹಾಕಿಕೊಟ್ಟಿದ್ದರು.

ಸಿಟ್ಟು ಇಳಿದು ಹೆದರಿಕೆ ಹತ್ತಿತು. ಮುಡಿ ಕೊಡುವ ಕೂಸು ನಾಳೆ ಆ ಕಾರಿನಲ್ಲಿರುತ್ತದೆ. ಫೋನಿನ ಮೇಲೆ ಫೋನು ಮಾಡಿದೆ, ಸಿದ್ದರಾಜು ಎತ್ತಲಿಲ್ಲ; ಅವನ ಮನೆ ಎಲ್ಲೆಂದು ನನಗೆ ಗೊತ್ತಿರಲಿಲ್ಲ. ಕಮಲಮ್ಮನವರ ಮನೆಗೆ ಓಡಿದರೆ ಬೀಗ. ನಂಜನಗೂಡಿಗೆ ಹೋಗಿದ್ದಾರೆ, ಬೆಳಿಗ್ಗೆ ಬರುತ್ತಾರೆ ಎಂದರು ಪಕ್ಕದವರು.

ಬೆಳಿಗ್ಗೆ ಅವರು ಗೇಟು ತೆಗೆಯುತ್ತಿದ್ದಂತೆಯೇ ವಿಷಯ ಹೇಳಿದೆ.

“ಅಯ್ಯೋ, ಅದು ಹಳೇದು ಕಣ್ರೀ! ಹೊಸದನ್ನ ಹಾಕಿ, ಬಿಚ್ಚಿದ್ದನ್ನ ಅದೇ ಡಬ್ಬದಲ್ಲಿಟ್ಟು ಕೊಟ್ಟಿದ್ರು. ಜಿಡ್ಡಾಗಿತ್ತು ಅಂತ ನಾನೇ ಸೋಪು ಹಾಕಿ ತೊಳೆದಿಟ್ಟಿದ್ದೆ.”

ಬದಲಾಯಿಸಿದ್ದು ನಿಜ ಎಂದು ಗಿರಾಕಿಗೆ ನಂಬಿಕೆ ಬರಲಿ ಎಂದು ಹಳೆಯ ಭಾಗವನ್ನು ಹೊಸದರ ಡಬ್ಬದಲ್ಲಿಟ್ಟು ಕೊಡುವುದು ನಮ್ಮ ಕಸುಬಿನ ರೂಢಿ. ಆ ನಂಬಿಕೆಯೇ ಈಗ ಸಿದ್ದರಾಜುವಿನ ಎಂಜಿನ್ನಿನೊಳಗೆ ತಿರುಗುತ್ತಿತ್ತು.

ಕಮಲಮ್ಮ ಫೋನು ಮಾಡಿದಾಗ ಅವನು ಎತ್ತಿದ. ಕೊಳ್ಳೇಗಾಲದಲ್ಲಿ ತಿಂಡಿಗೆ ನಿಂತಿದ್ದರಂತೆ. ಘಾಟಿ ಇನ್ನೂ ಮುಂದಿತ್ತು. “ಸಿದ್ದರಾಜು, ಕೆಸರೆ ಗ್ಯಾರೇಜಿನವ್ರು ಹೇಳಿದ್ದು ನಿಜ ಕಣಪ್ಪ. ಕಾರು ಸ್ಟಾರ್ಟ್ ಮಾಡ್ಬೇಡ,” ಎಂದರು. ಅಲ್ಲೇ ಕಾಯುತ್ತೇನೆ ಎಂದ.

ನನ್ನಲ್ಲಿದ್ದ ಆಫ್ಟರ್‌ಮಾರ್ಕೆಟ್ ಬೆಲ್ಟು ಹಿಡಿದು, ರಫೀಕನನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಹೋದೆ. ಪರಿಚಯದವರ ಶೆಡ್ಡಿನಲ್ಲಿ ಕೆಲಸ ನಡೆಯಿತು. ಬಿಚ್ಚಿದ ಬೆಲ್ಟಿನಲ್ಲಿ ಎರಡು ಹಲ್ಲುಗಳು ಬುಡದಿಂದ ಎದ್ದಿದ್ದವು. ಸಿದ್ದರಾಜುವಿನ ತಂಗಿ ಅದನ್ನು ನೋಡಿ ಮಗುವನ್ನು ಎದೆಗವಚಿಕೊಂಡಳು. ಹೊಸ ಬೆಲ್ಟಿನ ಡಬ್ಬ ಬಿಚ್ಚುವ ಮೊದಲು, ಮೇಲಿದ್ದ ಹೆಸರನ್ನು ಓದಿಕೊಳ್ಳಲಿ ಎಂದು ಅವನ ಮುಂದೆ ಹಿಡಿದೆ. ಅವನು ಅದರತ್ತ ನೋಡಲೇ ಇಲ್ಲ.

“ಯಾರ್ ಕಂಪ್ನಿದು ಅಂತ ಕೇಳಕಿಲ್ಲ ಸಾರ್. ಹೊಸದಾ, ಅಷ್ಟ್ ಹೇಳಿ ಸಾಕು.”

“ಹೊಸದು ಕಣಪ್ಪ,” ಎಂದೆ.

ಒರಿಜಿನಲ್ಲೋ ಆಫ್ಟರ್‌ಮಾರ್ಕೆಟ್ಟೋ ಎಂದು ಇವತ್ತಿಗೂ ಜನ ಕೇಳುತ್ತಾರೆ. ಸಿಕ್ಕರೆ ಒರಿಜಿನಲ್, ಇಲ್ಲದಿದ್ದರೆ ಒಳ್ಳೆಯ ತಯಾರಕರದ್ದು ಎನ್ನುತ್ತೇನೆ. ಯಾವುದನ್ನೇ ಹಾಕಿದರೂ, ಬಿಚ್ಚಿದ ಹಳೆಯ ಬೆಲ್ಟನ್ನು ಗಿರಾಕಿಯ ಕಣ್ಣೆದುರೇ ಕತ್ತರಿಸಿ ಎರಡು ತುಂಡು ಮಾಡಿ ಕೈಗೆ ಕೊಡುತ್ತೇನೆ. ಚೆನ್ನಾಗೇ ಇತ್ತಲ್ಲ ಸಾರ್, ಯಾಕೆ ಕತ್ತರಿಸಿದಿರಿ ಎಂದು ಕೆಲವರು ಮುಖ ಸಣ್ಣ ಮಾಡುತ್ತಾರೆ. ಚೆನ್ನಾಗಿ ಕಾಣುತ್ತದೆ, ಅದಕ್ಕೇ ಕತ್ತರಿಸಿದೆ ಎನ್ನುತ್ತೇನೆ.