ಟಪ್ಪಾಲು ಯಾರದೋ ಅವರ ಕೈಗೇ: ಶ್ರೀಮತಿ ಪರಿಮಳಾ ಜೋಶಿಯವರ ಸೇವೆಯ ನೆನಪು

ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿ ಕುಲಪತಿಗಳ, ಪ್ರಾಧ್ಯಾಪಕರ ಹೆಸರುಗಳು ದಾಖಲಾಗುತ್ತವೆ. ವಿದ್ಯಾರ್ಥಿಗೆ ಬಂದ ಪತ್ರ ವಿದ್ಯಾರ್ಥಿಗೇ ತಲುಪುವಂತೆ ನೋಡಿಕೊಂಡವರ ಹೆಸರು ಅಲ್ಲಿ ಸಿಗುವುದು ಅಪರೂಪ. ಶಿರಸಿಯಲ್ಲಿ ಮುಖ್ಯ ಕಚೇರಿಯನ್ನೂ ಸಿದ್ದಾಪುರ, ಯಲ್ಲಾಪುರಗಳಲ್ಲಿ ಕೇಂದ್ರಗಳನ್ನೂ ಹೊಂದಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಅದರಲ್ಲಿ ಬಹುಪಾಲು ಆ ಕೆಲಸವನ್ನೇ ಮಾಡಿ, ಕಳೆದ ಮೇ ತಿಂಗಳಲ್ಲಿ ನಿವೃತ್ತರಾದವರು ಶ್ರೀಮತಿ ಪರಿಮಳಾ ಜೋಶಿಯವರು. ಅವರಿಂದ ಉಪಕೃತಳಾದ ಹಳೆಯ ವಿದ್ಯಾರ್ಥಿನಿಯಾಗಿ, ಮುಂದೆ ಯಲ್ಲಾಪುರ ಕೇಂದ್ರದಲ್ಲಿ ಅವರ ಕಿರಿಯ ಸಹೋದ್ಯೋಗಿಯಾದವಳಾಗಿ, ನಾನು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಾಗೋಡಿನಿಂದ ಬಂದ ಪರಿಮಳಾ ಮೇಡಂ 1991ರಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ, ಎರಡೇ ವರ್ಷದಲ್ಲಿ ಟಪ್ಪಾಲು ವಿಭಾಗಕ್ಕೆ ಬಂದರು. ಹಾಸ್ಟೆಲಿನ ಹುಡುಗಿಯರ ಕಾಗದಗಳನ್ನು ಮೊದಲು ವಾರ್ಡನ್ ಒಡೆದು ನೋಡುವ ರೂಢಿ ಆಗ ಇತ್ತಂತೆ. ಮೇಡಂ ಯಾರೊಡನೆಯೂ ಜಗಳವಾಡದೆ, ಕಾಗದಗಳನ್ನು ತಾವೇ ಹಾಸ್ಟೆಲಿಗೆ ಒಯ್ದು ಅವರವರ ಕೈಗೆ ಕೊಡತೊಡಗಿದರು. ರೂಢಿ ತಾನಾಗಿ ನಿಂತುಹೋಯಿತು. 2005ರಲ್ಲಿ ವಿಶ್ವವಿದ್ಯಾಲಯ ತನ್ನದೇ ಇ-ಮೇಲ್ ಸರ್ವರ್ ತಂದಾಗ, ನಲವತ್ತರ ವಯಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಆರು ವಾರ ತರಬೇತಿ ಪಡೆದು ಅದರ ಹೊಣೆಯನ್ನೂ ಹೊತ್ತರು.

ಹನ್ನೆರಡು ವರ್ಷಗಳಲ್ಲಿ ಆ ಯಂತ್ರ ಹಳತಾಯಿತು. ಮಳೆಗಾಲದಲ್ಲಿ ಕರೆಂಟು ಹೋದರೆ ಅದು ದಿನಗಟ್ಟಲೆ ಮಲಗಿಬಿಡುತ್ತಿತ್ತು. ವಿದ್ಯಾರ್ಥಿಗಳ ಇ-ಮೇಲ್ ಖಾತೆಗಳನ್ನೆಲ್ಲ ಹೊರಗಿನ ಕಂಪನಿಯೊಂದಕ್ಕೆ ವರ್ಗಾಯಿಸುವ ಪ್ರಸ್ತಾಪ 2017ರಲ್ಲಿ ಬಂದಾಗ, ತಾವೇ ಸಾಕಿದ್ದನ್ನು ಮೇಡಂ ಬಿಟ್ಟುಕೊಡಲಾರರು ಎಂದು ಎಲ್ಲರೂ ಎಣಿಸಿದ್ದರು. ಅವರೋ, ಪತ್ರಗಳು ನಮ್ಮಲ್ಲೇ ಇರುವುದಕ್ಕಿಂತ ಕಳೆಯದೆ ಇರುವುದು ಮುಖ್ಯವೆಂದು ಬರೆದು, ವರ್ಗಾವಣೆಯನ್ನು ಬೆಂಬಲಿಸಿದರು.

ತೊಡಕು ಬಂದದ್ದು ಬೇರೆಡೆ. ಹೊಸ ಖಾತೆಯ ಪಾಸ್‌ವರ್ಡನ್ನು ಪ್ರವೇಶ ಅರ್ಜಿಯಲ್ಲಿದ್ದ ಮೊಬೈಲ್ ಸಂಖ್ಯೆಗೆ ಸೋಮವಾರ ಕಳಿಸಲಾಗುವುದು ಎಂಬ ಸೂಚನೆ ಫಲಕದ ಮೇಲೆ ಕಾಣಿಸಿಕೊಂಡಿತು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬನವಾಸಿ ಕಡೆಯ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ನಾನು ಯಾರಿಗೂ ಹೇಳದೆ ಪುಣೆಯ ಸಂಶೋಧನ ಸಂಸ್ಥೆಯೊಂದಕ್ಕೆ ಎಂ.ಎಸ್ಸಿ. ಅರ್ಜಿ ಹಾಕಿದ್ದೆ. ಸಂದರ್ಶನದ ಕರೆ ಬರಬೇಕಾದದ್ದು ವಿಶ್ವವಿದ್ಯಾಲಯದ ಈ ಇ-ಮೇಲಿಗೇ. ಬಿ.ಎಸ್ಸಿ. ಪ್ರವೇಶ ಅರ್ಜಿಯಲ್ಲಿದ್ದ ಮೊಬೈಲ್ ಸಂಖ್ಯೆ ಅಣ್ಣ ಸುಭಾಷನದು.

ಶನಿವಾರ ಮಧ್ಯಾಹ್ನ ಹೆದರುತ್ತಲೇ ಮೇಡಂ ಎದುರು ನಿಂತು ಕಾರಣ ಹೇಳಲು ಹೊರಟೆ. ಅವರು ತಡೆದರು. "ಕಾರಣ ನಂಗೆ ಬೇಡ. ನಂಬರ್ ನಿಂದಾ, ಬೇರೆಯವ್ರದ್ದಾ? ಅಷ್ಟು ಹೇಳು ಸಾಕು."

"ಅಣ್ಣಂದ್ರೀ."

"ಹಂಗಾದ್ರೆ ನೀನೊಬ್ಬಳೇ ಅಲ್ಲ" ಎಂದವರೇ ಎದ್ದು ಕುಲಸಚಿವರ ಕೋಣೆಗೆ ನಡೆದರು.

ಅಂದಿನ ಕುಲಸಚಿವರಾದ ಪ್ರೊ. ರಘುಪತಿ ಭಟ್ಟರು ಅಲ್ಲಿ ನಡೆದದ್ದನ್ನು ಇತ್ತೀಚೆಗೆ ನನಗೆ ತಿಳಿಸಿದರು. ಪಾಸ್‌ವರ್ಡನ್ನು ಫೋನಿಗೆ ಕಳಿಸುವುದು ಬೇಡ, ಅವರವರ ಕೈಗೇ ಕೊಡೋಣ ಎಂದು ಮೇಡಂ ಕೇಳಿದರಂತೆ. ಕಂಪನಿಯೊಡನೆ ದಿನಾಂಕ ನಿಗದಿಯಾಗಿದೆ, ತಡವಾದರೆ ಮೇಲಿನವರು ಕಾರಣ ಕೇಳುತ್ತಾರೆ ಎಂದು ಅವರು ಹೇಳಿದಾಗ, ಮೇಡಂ ಮನೆಮಾತಿನಲ್ಲೇ ಉತ್ತರಿಸಿದರಂತೆ: "ಬರ್ದು ಕೊಡ್ತೆ ಸರ್. ಜವಾಬ್ದಾರಿ ಆನೇ."

ಜವಾಬ್ದಾರಿ ತಮ್ಮದೇ ಎಂದು ಬರೆದೂ ಕೊಟ್ಟರು. ನಾಲ್ಕು ಸಾವಿರ ಪಾಸ್‌ವರ್ಡುಗಳನ್ನು ಚೀಟಿಗಳಲ್ಲಿ ಮುದ್ರಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ಗುರುತಿನ ಚೀಟಿ ನೋಡಿ ಕೈಗೇ ಕೊಡುವ ಕೆಲಸ ಹನ್ನೊಂದು ದಿನ ನಡೆಯಿತು. ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಲಕೋಟೆಗಳ ಚೀಲ ಹೊತ್ತು ಬಸ್ಸಿನಲ್ಲಿ ಅವರೇ ಹೋದರು. ಹೆಗ್ಗರಣೆಯ ಒಬ್ಬ ಹುಡುಗಿ ಜ್ವರದಿಂದ ಮಲಗಿದ್ದಾಳೆಂದು ತಿಳಿದು ಅವಳ ಮನೆಯವರೆಗೂ ಹೋಗಿದ್ದರು.

ಲಕೋಟೆ ಅಂಟಿಸಲು ನಾವು ಕೆಲವರು ಒಳಕೋಣೆಯಲ್ಲಿ ಕುಳಿತಿದ್ದಾಗ, ಬುಧವಾರ, ಹೊರಗೆ ಅಣ್ಣನ ದನಿ ಕೇಳಿಸಿತು.

"ನಮಸ್ಕಾರ್ರೀ. ನಮ್ಮ ತಂಗಿ ಜ್ಯೋತೀದು ಪಾಸ್‌ವರ್ಡ್ ನನ್ನ ನಂಬರಿಗೆ ಬರತೈತಿ ಅಂದಿದ್ರಿ. ಬಂದಿಲ್ಲ ನೋಡ್ರಿ."

"ಬನ್ನಿ, ಕೂತ್ಕೊಳ್ಳಿ. ಫೋನಿಗೆ ಕಳ್ಸೂದು ನಿಲ್ಸಿದೀವಿ. ಅವಳ ಕೈಗೇ ಕೊಡೂದು."

"ನಾನು ಅವಳ ಅಣ್ಣರೀ. ಕಾಲೇಜಿಗೆ ಸೇರಿಸಿದಾಂವ ನಾನ, ನಂಬರೂ ನಂದ."

"ನಂಬರ್ ನಿಮ್ಮದು ಹೌದು. ಟಪ್ಪಾಲು ಅವಳದ್ದು. ನಿಮ್ಮ ಟಪ್ಪಾಲು ಇಲ್ಲಿದ್ದು ಅವಳು ಬಂದು ಕೇಳಿದ್ರೂ ಕೊಡ್ತಿರ್ಲಿಲ್ಲ."

"ಅಂಥಾದ್ದೇನೈತ್ರಿ ಅದರಾಗ?"

"ನಂಗೆ ಗೊತ್ತಿಲ್ಲ. ನಾನೂ ನೋಡೂದಿಲ್ಲ. ಅವಳನ್ನೇ ಕೇಳಿ."

ಅಣ್ಣ ಚಹಾ ಕುಡಿದು ಹೋದ. ಮೇಡಂ ಒಳಗೆ ಬಂದು, ನನ್ನ ಲಕೋಟೆಯನ್ನು ಕೈಗಿಟ್ಟು, ಮೆತ್ತಗೆ ಹೇಳಿದರು: "ಎಂತ ವಿಷಯ ಅಂತ ನಂಗೆ ಈಗಲೂ ಬೇಡ. ಆದ್ರೆ ಅವ್ರು ಕೇಳೂದ್ರೊಳಗೆ ನೀನೇ ಹೇಳು. ಅಣ್ಣ ಕೆಟ್ಟವ್ರಲ್ಲ."

ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಣ್ಣ ನಾಲ್ಕು ದಿನ ಮಾತು ಬಿಟ್ಟ. ಅವ್ವ ಪಾರ್ವತವ್ವ ಮಾತ್ರ ನನ್ನನ್ನೇ ನೋಡುತ್ತ, "ಓದಾಕ ಹೊಕ್ಕೇನಿ ಅಂತ ಹೇಳಾಕ ಇಷ್ಟ್ಯಾಕ ಅಂಜಿದೆವ್ವಾ?" ಎಂದಳು. ಮರುವಾರ ಸಂದರ್ಶನದ ಕರೆ ಬಂತು. ಗಂಡಿನ ಕಡೆಯವರಿಗೆ ಅಣ್ಣನೇ ಹೋಗಿ ಸದ್ಯಕ್ಕೆ ಬೇಡವೆಂದು ಹೇಳಿ ಬಂದ. ಹುಬ್ಬಳ್ಳಿಯಲ್ಲಿ ರೈಲು ಹತ್ತಿಸಿದವನೂ ಅವನೇ.

ನನಗೆ ಆಗ ತಿಳಿಯದಿದ್ದ ಸಂಗತಿಯೊಂದಿದೆ. ಆ ಹನ್ನೊಂದು ದಿನಗಳ ವಿಳಂಬಕ್ಕಾಗಿ ಮೇಡಂಗೆ ಕಾರಣ ಕೇಳಿ ನೋಟಿಸು ಬಂತು. ಆ ವರ್ಷ ಸಿಗಬೇಕಾಗಿದ್ದ ಅಧೀಕ್ಷಕಿಯ ಬಡ್ತಿ ಎರಡು ವರ್ಷ ಹಿಂದೆ ಹೋಯಿತು. "ನಾನು ಇನ್ನಷ್ಟು ಗಟ್ಟಿಯಾಗಿ ಅವರ ಪರ ನಿಲ್ಲಬೇಕಿತ್ತು" ಎಂದು ಭಟ್ಟರು ನನ್ನೆದುರು ಒಪ್ಪಿಕೊಂಡರು. ಮೇಡಂ ಈ ವಿಚಾರವನ್ನು ಯಾರಲ್ಲೂ ಆಡಿದವರಲ್ಲ. ಪ್ರವೇಶ ಅರ್ಜಿಯಲ್ಲಿ ಪೋಷಕರ ಸಂಖ್ಯೆ ಬೇರೆ, ವಿದ್ಯಾರ್ಥಿಯ ಸಂಖ್ಯೆ ಬೇರೆ ಎಂದು ಎರಡು ಸಾಲು ಸೇರಿಸಿದ್ದು ಮಾತ್ರ ಅವರ ಕೈಬರಹದ ಟಿಪ್ಪಣಿಯ ಫಲ.

ಈ ಲೇಖನ ಬರೆಯುವುದಾಗಿ ತಿಳಿಸಲು ಹೋದಾಗ, ಅವರಿಗೆ ಸಂಕೋಚವೇ ಹೆಚ್ಚಾಯಿತು. "ಬರಿಯೂದಾದ್ರೆ ತಪ್ಪಾಗಿದ್ದನ್ನೂ ಬರಿ" ಎಂದರು. ಹಾಗಾಗಿ ಬರೆಯುತ್ತೇನೆ: ಆ ವರ್ಗಾವಣೆಯಲ್ಲಿ ಹಳೆಯ ವಿದ್ಯಾರ್ಥಿಗಳ ಇನ್ನೂರ ಹದಿನಾಲ್ಕು ಖಾತೆಗಳ ಪತ್ರಗಳು ಮರಳಿ ಸಿಗದಂತೆ ಅಳಿಸಿಹೋದವು. ಪ್ರತಿಯೊಬ್ಬರ ವಿಳಾಸ ಹುಡುಕಿ, ನಿಮ್ಮ ಪತ್ರಗಳು ನನ್ನ ಕೈಯಲ್ಲಿ ಕಳೆದವು, ಕ್ಷಮಿಸಿ ಎಂದು ಮೇಡಂ ಕೈಯಾರೆ ಬರೆಯುತ್ತ ಬಂದಿದ್ದಾರೆ. ನೂರ ಎಪ್ಪತ್ತು ಮಂದಿ ಸಿಕ್ಕಿದ್ದಾರೆ. ಉಳಿದ ನಲವತ್ತನಾಲ್ಕು ಮಂದಿಯ ಪಟ್ಟಿ ಅವರ ಮನೆಯ ಮೇಜಿನ ಮೇಲಿದೆ. ಓದುಗರಲ್ಲಿ ಯಾರದಾದರೂ ಹಳೆಯ ಪತ್ರಗಳು ಆಗ ಕಳೆದುಹೋಗಿದ್ದರೆ ದಯವಿಟ್ಟು ಅವರಿಗೆ ಎರಡು ಸಾಲು ಬರೆಯಿರಿ. ಕೊನೆಯ ಹೆಸರು ಸಿಗುವವರೆಗೂ, ಸಿಕ್ಕ ಮೇಲೆಯೂ ಬಹುಕಾಲ, ಅವರ ಕಣ್ಣೂ ಕೈಯೂ ಹೀಗೆಯೇ ಚುರುಕಾಗಿರಲಿ.